ಇಲ್ಲದ ಕಡತಕ್ಕೂ ಒಂದು ಸ್ಥಾನ: ಜೆಸಿಎಲ್ ಪ್ರೊಸೀಜರ್‌ಗಳಲ್ಲಿ ಖಾಲಿ ಡೇಟಾಸೆಟ್‌ಗಳ ಬಳಕೆ

ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1960ರಲ್ಲಿ. ಐಬಿಎಂ ತನ್ನ ಸಿಸ್ಟಮ್/360 ಶ್ರೇಣಿಯ ಕಂಪ್ಯೂಟರುಗಳನ್ನು ಪ್ರಕಟಿಸಿದ್ದು 1964ರ ಏಪ್ರಿಲ್‌ನಲ್ಲಿ. ಕಾಲೇಜಿಗಿಂತ ನಾಲ್ಕು ವರ್ಷ ಕಿರಿಯದಾದ ಆ ಯಂತ್ರದ ಆಪರೇಟಿಂಗ್ ಸಿಸ್ಟಮ್ ಜೊತೆ ಬಂದ ಜೆಸಿಎಲ್, ಅಂದರೆ ಜಾಬ್ ಕಂಟ್ರೋಲ್ ಲ್ಯಾಂಗ್ವೇಜ್ (ಯಾವ ಪ್ರೋಗ್ರಾಂ ಯಾವ ಕಡತಗಳೊಡನೆ ಓಡಬೇಕೆಂದು ಯಂತ್ರಕ್ಕೆ ಹೇಳುವ ಭಾಷೆ), ಐಬಿಎಂನ ಬೃಹತ್ ಕಂಪ್ಯೂಟರುಗಳ, ಅಂದರೆ ಮೇನ್‌ಫ್ರೇಮ್‌ಗಳ, ಇಂದಿನ ಆಪರೇಟಿಂಗ್ ಸಿಸ್ಟಮ್ ಆದ ಜೆಡ್/ಓಎಸ್‌ನಲ್ಲೂ ಬಹುಮಟ್ಟಿಗೆ ಅದೇ ಮೈಕಟ್ಟಿನಲ್ಲಿ ಉಳಿದಿದೆ. ಹಾಸನ, ಚಿಕ್ಕಮಗಳೂರುಗಳ ಕಾಲೇಜುಗಳಲ್ಲಿ ಓದಿ ಬೆಂಗಳೂರಿನ ಯಾವುದೋ ಬ್ಯಾಂಕಿಂಗ್ ಅಥವಾ ವಿಮಾ ಪ್ರಾಜೆಕ್ಟಿಗೆ ಸೇರುವವರಲ್ಲಿ ಹಲವರು ಜಾವಾ, ಪೈಥಾನ್ ಕಲಿತಿರುತ್ತಾರೆಯೇ ಹೊರತು ಮೇನ್‌ಫ್ರೇಮ್‌ನ ಮುಖ ನೋಡಿರುವುದಿಲ್ಲ. ಅಂಥವರ ಕೈಗೆ ಬರುವ ಮೊದಲ ಜಾಬ್‌ನಲ್ಲೇ ‘ಡಮ್ಮಿ’, ‘ನಲ್‌ಫೈಲ್’, ‘ಎಂಪ್ಟಿ’ ಎಂಬ ಪದಗಳು ಅಲ್ಲಲ್ಲಿ ಕಾಣಿಸಿಕೊಳ್ಳುತ್ತವೆ. ಮೂರೂ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ; ಹಾಗಲ್ಲ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಜೆಸಿಎಲ್‌ನ ಎಲ್ಲ ಪದಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್ ಮುಂದೆ ಕುಳಿತಾಗ ಅವನ್ನು ರೋಮನ್ ದೊಡ್ಡಕ್ಷರಗಳಲ್ಲಿ ಟೈಪ್ ಮಾಡಬೇಕು.

ಜೆಸಿಎಲ್‌ನಲ್ಲಿ ಮುಖ್ಯವಾದ ಹೇಳಿಕೆಗಳು ಮೂರು. ಜಾಬ್ ಎಂಬುದು ಒಟ್ಟು ಕೆಲಸವನ್ನು ಗುರುತಿಸುತ್ತದೆ. ಎಕ್ಸೆಕ್ ಎಂಬುದು ಯಾವ ಪ್ರೋಗ್ರಾಂ ಅಥವಾ ಯಾವ ಪ್ರೊಸೀಜರ್ ನಡೆಯಬೇಕೆಂದು ಹೇಳುತ್ತದೆ. ಡಿಡಿ ಎಂಬುದು ಆ ಪ್ರೋಗ್ರಾಂಗೆ ಬೇಕಾದ ಡೇಟಾಸೆಟ್ (ಮೇನ್‌ಫ್ರೇಮ್‌ನ ಮಾತಿನಲ್ಲಿ ಕಡತ) ಯಾವುದೆಂದು ತೋರಿಸುತ್ತದೆ. ಪ್ರೋಗ್ರಾಂಗೆ ನಿಜವಾದ ಡೇಟಾಸೆಟ್‌ನ ಹೆಸರು ಗೊತ್ತಿರುವುದಿಲ್ಲ, ಡಿಡಿಯ ಹೆಸರು ಮಾತ್ರ ಗೊತ್ತಿರುತ್ತದೆ. ಆದ್ದರಿಂದಲೇ ಒಂದೇ ಪ್ರೋಗ್ರಾಂ ಅನ್ನು ತಿದ್ದದೆ, ಬೇರೆ ಬೇರೆ ಜಾಬ್‌ಗಳಲ್ಲಿ ಬೇರೆ ಬೇರೆ ಕಡತಗಳ ಮೇಲೆ ಓಡಿಸಲು ಸಾಧ್ಯವಾಗುತ್ತದೆ. ಪದೇಪದೇ ಬೇಕಾಗುವ ಎಕ್ಸೆಕ್ ಮತ್ತು ಡಿಡಿಗಳ ಗುಂಪನ್ನು ಒಂದು ಲೈಬ್ರರಿಯಲ್ಲಿ ಇಟ್ಟು ಹೆಸರಿನಿಂದ ಕರೆಯುವ ವ್ಯವಸ್ಥೆಯೇ ಪ್ರೊಸೀಜರ್. ಕಚೇರಿಯ ಮಾತಿನಲ್ಲಿ ಅದು ‘ಪ್ರಾಕ್’. ಕರೆಯುವವರು ಬದಲಿಸಬಹುದಾದ ಭಾಗಗಳನ್ನು ಪ್ರಾಕ್‌ನಲ್ಲಿ & ಚಿಹ್ನೆಯೊಂದಿಗೆ ಬರೆಯುತ್ತಾರೆ. ಇವೇ ಸಿಂಬಾಲಿಕ್‌ಗಳು. ಅವುಗಳ ಡಿಫಾಲ್ಟ್ ಬೆಲೆಯನ್ನು ಪ್ರಾಕ್ ಹೇಳಿಕೆಯಲ್ಲೇ ಕೊಟ್ಟಿರಬಹುದು, ಕರೆಯುವ ಜಾಬ್ ಅದನ್ನು ಬದಲಿಸಬಹುದು.

ಈಗ ಒಂದು ಕಲ್ಪಿತ ಬ್ಯಾಂಕನ್ನು ತೆಗೆದುಕೊಳ್ಳೋಣ. ಅದಕ್ಕೆ ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರುಗಳಲ್ಲಿ ಶಾಖೆಗಳಿವೆ. ಕಾಫಿ ಬೆಳೆಗಾರರ ಬೆಳೆಸಾಲದ ಮರುಪಾವತಿಯ ವಿವರವನ್ನು ಪ್ರತಿ ಶಾಖೆಯೂ ದಿನದ ಕೊನೆಗೆ ಒಂದು ಕಡತವಾಗಿ ಕಳುಹಿಸುತ್ತದೆ. ರಾತ್ರಿಯ ಬ್ಯಾಚ್‌ನಲ್ಲಿ ಒಂದು ಪ್ರಾಕ್ ನಾಲ್ಕನ್ನೂ ಒಟ್ಟುಗೂಡಿಸಿ ಲೆಕ್ಕ ಹಾಕುತ್ತದೆ. ಅರೇಬಿಕಾ ಕೊಯ್ಲು ನಡೆಯುವ ನವೆಂಬರ್–ಜನವರಿಯಲ್ಲೂ, ಅದರ ಹಿಂದೆಯೇ ಬರುವ ರೊಬಸ್ಟಾ ಕೊಯ್ಲಿನಲ್ಲೂ ನಾಲ್ಕೂ ಕಡತಗಳು ತುಂಬಿರುತ್ತವೆ. ಮಳೆಗಾಲದಲ್ಲಿ ಕೆಲವು ಶಾಖೆಗಳಿಂದ ಏನೂ ಬರುವುದಿಲ್ಲ. ಹಾಸನಾಂಬ ದರ್ಶನದ ದಿನಗಳಲ್ಲಿ ಸ್ಥಳೀಯ ರಜೆ ಘೋಷಣೆಯಾದರೆ ಹಾಸನದ ಕಡತವೊಂದೇ ಬಾರದಿರಬಹುದು. (ಡೇಟಾಸೆಟ್ ಹೆಸರಿನ ಪ್ರತಿ ಭಾಗಕ್ಕೂ ಎಂಟು ಅಕ್ಷರಗಳ ಮಿತಿ ಇರುವುದರಿಂದ ಹಾಸನ, ಬೇಲೂರು ಎಂಬ ಹೆಸರುಗಳು ರೋಮನ್‌ನಲ್ಲಿ ಪೂರ್ತಿಯಾಗಿ ಹಿಡಿಸುತ್ತವೆ, ಸಕಲೇಶಪುರ, ಚಿಕ್ಕಮಗಳೂರುಗಳನ್ನು ಮೊಟಕುಗೊಳಿಸದೆ ವಿಧಿಯಿಲ್ಲ.) ಪ್ರಾಕ್ ಒಂದೇ ಇರಬೇಕು, ಶಾಖೆಗಳ ಹಾಜರಿ ಮಾತ್ರ ದಿನದಿನಕ್ಕೆ ಬದಲಾಗಬಹುದು. ಬಾರದ ಕಡತದ ಜಾಗದಲ್ಲಿ ಏನನ್ನು ಇಡಬೇಕು?

ಏನನ್ನೂ ಇಡದಿರುವುದು ಪರಿಹಾರವಲ್ಲ. ಡಿಡಿಯೇ ಇಲ್ಲದಿದ್ದರೆ ಕಡತವನ್ನು ತೆರೆಯುವ ಹೊತ್ತಿಗೆ ‘ಡಿಡಿ ಸ್ಟೇಟ್‌ಮೆಂಟ್ ಮಿಸ್ಸಿಂಗ್’ ಎಂಬ ಐಇಸಿ130ಐ ಸಂದೇಶ ಬರುತ್ತದೆ; ಕೋಬಾಲ್ ಪ್ರೋಗ್ರಾಂ ಆ ಕಡತವನ್ನು ಆಪ್ಷನಲ್ ಎಂದು ಘೋಷಿಸಿರದಿದ್ದರೆ ಅದಕ್ಕೆ ಫೈಲ್ ಸ್ಟೇಟಸ್ 35, ಅಂದರೆ ಕಡತ ಇಲ್ಲವೆಂಬ ಸಂಕೇತ, ಸಿಗುತ್ತದೆ. ಡಿಡಿ ಇದ್ದು ಅದರಲ್ಲಿ ಹೇಳಿರುವ ಡೇಟಾಸೆಟ್ ಕ್ಯಾಟಲಾಗ್‌ನಲ್ಲಿ (ಡೇಟಾಸೆಟ್‌ಗಳ ಸೂಚಿಯಲ್ಲಿ) ಇಲ್ಲದಿದ್ದರೆ ಪ್ರೋಗ್ರಾಂ ಶುರುವಾಗುವ ಮೊದಲೇ ಜಾಬ್ ನಿಂತುಹೋಗುತ್ತದೆ.

ಜೆಸಿಎಲ್ ಇದಕ್ಕೆ ಕೊಟ್ಟಿರುವ ಮೊದಲ ಉತ್ತರ ಡಮ್ಮಿ. ಡಿಡಿ ಹೇಳಿಕೆಯಲ್ಲಿ ಡಮ್ಮಿ ಎಂದು ಬರೆದರೆ ಸಿಸ್ಟಮ್ ಯಾವ ಡಿಸ್ಕನ್ನೂ ಟೇಪನ್ನೂ ಹುಡುಕುವುದಿಲ್ಲ. ಅದೇ ಸಾಲಿನಲ್ಲಿ ಯೂನಿಟ್, ವಾಲ್ಯೂಮ್, ಡಿಸ್ಪೊಸಿಷನ್‌ಗಳನ್ನು (ಕಡತ ಯಾವ ಸಾಧನದಲ್ಲಿದೆ, ಅದನ್ನು ಹೇಗೆ ಬಳಸಬೇಕು ಎಂಬ ವಿವರಗಳನ್ನು) ಬರೆದಿದ್ದರೂ ಅವುಗಳ ವಾಕ್ಯರಚನೆಯನ್ನು ಪರೀಕ್ಷಿಸುತ್ತದೆಯೇ ಹೊರತು ಅದಕ್ಕಿಂತ ಮುಂದೆ ಲಕ್ಷಿಸುವುದಿಲ್ಲ. ಪ್ರೋಗ್ರಾಂ ಓದಲು ಹೊರಟರೆ ಮೊದಲ ಓದಿಗೇ ಕಡತ ಮುಗಿಯಿತೆಂಬ ಉತ್ತರ ಸಿಗುತ್ತದೆ. ಬರೆಯಲು ಹೊರಟರೆ ಬರೆದದ್ದೆಲ್ಲ ಎಲ್ಲೂ ಹೋಗದೆ ಕರಗಿಹೋಗುತ್ತದೆ, ಪ್ರೋಗ್ರಾಂ ಮಾತ್ರ ಎಲ್ಲವೂ ಸರಿಯಾಗಿದೆ ಎಂದೇ ಭಾವಿಸುತ್ತದೆ. ಕಡತಗಳನ್ನು ನಕಲು ಮಾಡುವ ಐಇಬಿಜೆನರ್ ಯುಟಿಲಿಟಿಗೆ ಸಿಸ್‌ಇನ್ ಡಿಡಿಯನ್ನು ಡಮ್ಮಿ ಮಾಡಿ ‘ನಿಯಂತ್ರಣ ಸೂಚನೆಗಳು ಏನೂ ಇಲ್ಲ, ಸುಮ್ಮನೆ ನಕಲು ಮಾಡು’ ಎಂದು ತಿಳಿಸುವುದು ಇದರ ಅತ್ಯಂತ ಪರಿಚಿತ ಬಳಕೆ.

ಎರಡನೆಯ ಉತ್ತರ ನಲ್‌ಫೈಲ್. ಡಿಡಿಯಲ್ಲಿ ಡೇಟಾಸೆಟ್‌ನ ಹೆಸರನ್ನು ಕೊಡುವ ಜಾಗವೇ ಡಿಎಸ್ಎನ್; ಅಲ್ಲಿ ‘ಡಿಎಸ್ಎನ್=ನಲ್‌ಫೈಲ್’ ಎಂದು ಬರೆದರೆ ಡಮ್ಮಿ ಎಂದು ಬರೆದಷ್ಟೇ ಪರಿಣಾಮ. ಹಾಗಿದ್ದರೆ ಎರಡು ದಾರಿಗಳೇಕೆ ಎಂಬ ಪ್ರಶ್ನೆ ಸಹಜ, ಮತ್ತು ಪ್ರಾಕ್ ಬರೆಯುವವರಿಗೆ ಇದರ ಉತ್ತರವೇ ಮುಖ್ಯ. ಡಮ್ಮಿ ಎಂಬುದು ಸ್ಥಾನಾಧಾರಿತ ಪದ, ಡಿಡಿಯ ನಂತರ ಮೊದಲಿಗೇ ಬರಬೇಕು. ನಲ್‌ಫೈಲ್ ಎಂಬುದು ಹೆಸರಿನ ಜಾಗದಲ್ಲಿ ಕೂರುವ ಬೆಲೆ. ಆದ್ದರಿಂದ ಪ್ರಾಕ್‌ನಲ್ಲಿ ‘ಡಿಎಸ್ಎನ್=&ಶಾಖೆ1’ ಎಂದು ಒಮ್ಮೆ ಬರೆದು, ಪ್ರಾಕ್ ಹೇಳಿಕೆಯಲ್ಲಿ ಶಾಖೆ1ರ ಡಿಫಾಲ್ಟನ್ನು ನಲ್‌ಫೈಲ್ ಎಂದು ಕೊಟ್ಟರೆ ಸಾಕು: ಕರೆಯುವವರು ಹೆಸರು ಕೊಟ್ಟ ದಿನ ನಿಜವಾದ ಕಡತ, ಕೊಡದ ದಿನ ಡಮ್ಮಿ. ಡಿಡಿಯ ಸಾಲನ್ನು ಯಾರೂ ಮುಟ್ಟಬೇಕಾಗಿಲ್ಲ. ಮರುಬಳಕೆಯ ಪ್ರಾಕ್‌ಗಳಲ್ಲಿ ಡಮ್ಮಿಗಿಂತ ನಲ್‌ಫೈಲ್ ಹೆಚ್ಚು ಕೆಲಸಕ್ಕೆ ಬರುವುದು ಈ ಕಾರಣಕ್ಕೆ.

ಇದಕ್ಕೊಂದು ಷರತ್ತಿದೆ. ನಲ್‌ಫೈಲ್ ಎಂಬುದು ಡೇಟಾಸೆಟ್‌ನ ಪೂರ್ತಿ ಹೆಸರಾಗಿದ್ದರೆ ಮಾತ್ರ ಅದಕ್ಕೆ ವಿಶೇಷ ಅರ್ಥ. ಅಚ್ಚುಕಟ್ಟಿನ ಆಸೆಯಿಂದ ಹೆಸರಿನ ಮುಂಭಾಗವನ್ನು ಒಂದು ಸಿಂಬಾಲಿಕ್, ಹಿಂಭಾಗವನ್ನು ಇನ್ನೊಂದು ಎಂದು ಒಡೆದು, ‘&ಮುನ್ನುಡಿ..&ಶಾಖೆ1’ ಎಂಬಂತೆ ಬರೆದುಬಿಟ್ಟರೆ (ಮೊದಲ ಚುಕ್ಕಿ ಸಿಂಬಾಲಿಕ್ ಮುಗಿದದ್ದಕ್ಕೆ, ಎರಡನೆಯದು ಹೆಸರಿನ ಭಾಗ) ನಲ್‌ಫೈಲ್ ಎಂದು ಕೊಟ್ಟಾಗ ಸಿಗುವುದು ‘ಬ್ಯಾಂಕ್.ನಲ್‌ಫೈಲ್’ ಎಂಬ ಸಾಮಾನ್ಯ ಹೆಸರು. ಅಂಥ ಡೇಟಾಸೆಟ್ ಇಲ್ಲ ಎಂದು ಜಾಬ್ ನಿಲ್ಲುತ್ತದೆ. ನಲ್‌ಫೈಲ್ ಅನ್ನು ಡಿಫಾಲ್ಟ್ ಮಾಡುವ ಸಿಂಬಾಲಿಕ್ ಇಡೀ ಹೆಸರನ್ನೇ ಹೊರಬೇಕು.

ಇದರ ವಿರುದ್ಧ ದಿಕ್ಕಿನ ಸಂಗತಿಯೂ ಇದೆ. ಪ್ರಾಕ್‌ನಲ್ಲಿ ಡಮ್ಮಿ ಎಂದಿರುವ ಡಿಡಿಗೆ ನಿಜವಾದ ಕಡತವನ್ನು ಕೊಡಬೇಕಾದರೆ, ಕರೆಯುವ ಜಾಬ್‌ನಲ್ಲಿ ಸ್ಟೆಪ್‌ನ (ಒಂದೊಂದು ಎಕ್ಸೆಕ್ ಒಂದೊಂದು ಸ್ಟೆಪ್) ಹೆಸರು, ಚುಕ್ಕಿ, ಡಿಡಿಯ ಹೆಸರು ಬರೆದು ಓವರ್‌ರೈಡ್ ಮಾಡಬೇಕು, ಅಂದರೆ ಪ್ರಾಕ್‌ನ ಸಾಲನ್ನು ಬದಲಿಸಬೇಕು, ಮತ್ತು ಅದರಲ್ಲಿ ನಲ್‌ಫೈಲ್ ಅಲ್ಲದ ಒಂದು ಡಿಎಸ್ಎನ್ ಇರಬೇಕು. ಆಗ ಡಮ್ಮಿ ತಾನಾಗಿ ರದ್ದಾಗುತ್ತದೆ. ಆದರೆ ಮೂಲ ಸಾಲಿನಲ್ಲಿದ್ದು ಓವರ್‌ರೈಡ್‌ನಲ್ಲಿ ಹೇಳದೆ ಬಿಟ್ಟ ಉಳಿದ ವಿವರಗಳು ಹಾಗೆಯೇ ಉಳಿದುಕೊಳ್ಳುತ್ತವೆ. ಡಮ್ಮಿಯ ಜೊತೆ ಹಿಂದೆ ಯಾರೋ ಬರೆದಿಟ್ಟಿದ್ದ ರೆಕಾರ್ಡ್ ಉದ್ದ, ಹೊಸ ಕಡತಕ್ಕೆ ಅಂಟಿಕೊಳ್ಳುವುದು ಹೀಗೆ.

ಹಾಗೆಂದು ಡಮ್ಮಿಯ ಜೊತೆ ಆ ವಿವರಗಳನ್ನು ಬರೆಯದೆ ಬಿಡುವಂತೆಯೂ ಇಲ್ಲ. ನಿಜವಾದ ಡೇಟಾಸೆಟ್‌ಗೆ ಲೇಬಲ್ ಇರುತ್ತದೆ, ಅದರಿಂದ ರೆಕಾರ್ಡ್ ಉದ್ದ ಮತ್ತು ಬ್ಲಾಕ್ ಗಾತ್ರ ಸಿಗುತ್ತವೆ. ಡಮ್ಮಿಗೆ ಲೇಬಲ್ ಎಲ್ಲಿಂದ ಬರಬೇಕು? ಪ್ರೋಗ್ರಾಂ ಕೂಡ ಅದನ್ನು ಹೇಳಿರದಿದ್ದರೆ ಬಫರ್ ಎಷ್ಟು ದೊಡ್ಡದಿರಬೇಕೆಂದು ತಿಳಿಯದೆ ಓಪನ್ ಮಾಡುವಾಗಲೇ ಎಸ್013 ಅಬೆಂಡ್ (ಪ್ರೋಗ್ರಾಂ ಅರ್ಧಕ್ಕೇ ನಿಂತುಹೋಗುವುದು), ಕಾರಣದ ಸಂಖ್ಯೆ 10, ಎದುರಾಗುತ್ತದೆ. ಡಮ್ಮಿಯಾಗಬಹುದಾದ ಪ್ರತಿ ಡಿಡಿಯಲ್ಲೂ ರೆಕ್‌ಎಫ್‌ಎಂ (ರೆಕಾರ್ಡ್‌ನ ರೂಪ), ಎಲ್‌ರೆಕ್ಲ್ (ಅದರ ಉದ್ದ), ಬ್ಲಾಕ್‌ಸೈಜ್‌ಗಳನ್ನು ಬರೆದಿಡುವುದು ಒಳ್ಳೆಯದು. ಈ ಅಬೆಂಡ್ ಗಟ್ಟಿಯಾಗಿ ಕೂಗುವ ತಪ್ಪು, ಯಾರೂ ನೋಡದೆ ಬಿಡುವುದಿಲ್ಲ. ಕೂಗದ ತಪ್ಪು ಮುಂದಿದೆ.

ನಮ್ಮ ಬ್ಯಾಂಕಿನ ಪ್ರಾಕ್ ನಾಲ್ಕು ಕಡತಗಳನ್ನು ನಾಲ್ಕು ಡಿಡಿಗಳಲ್ಲಿ ಓದುವುದಿಲ್ಲ. ಒಂದೇ ಡಿಡಿಯ ಕೆಳಗೆ ಹೆಸರಿಲ್ಲದ ಮೂರು ಡಿಡಿ ಸಾಲುಗಳನ್ನು ಜೋಡಿಸಿ, ನಾಲ್ಕೂ ಒಂದೇ ಉದ್ದನೆಯ ಕಡತವೆಂಬಂತೆ ಓದುತ್ತದೆ. ಇದನ್ನು ಕಾನ್‌ಕ್ಯಾಟನೇಷನ್ ಎನ್ನುತ್ತಾರೆ. ನಾವು ಜೋಡಣೆ ಎನ್ನೋಣ. ಸೀಕ್ವೆನ್ಷಿಯಲ್ ಡೇಟಾಸೆಟ್‌ಗಳಾದರೆ 255ರವರೆಗೆ ಹೀಗೆ ಜೋಡಿಸಬಹುದು. ಹಾಸನ ಮೊದಲು, ಬೇಲೂರು ಎರಡನೆಯದು, ಸಕಲೇಶಪುರ ಮೂರನೆಯದು, ಚಿಕ್ಕಮಗಳೂರು ಕೊನೆಯದು ಎಂದಿಟ್ಟುಕೊಳ್ಳಿ. ಬೇಲೂರಿನ ಕಡತ ಬಾರದ ರಾತ್ರಿ ಆ ಜಾಗಕ್ಕೆ ನಲ್‌ಫೈಲ್ ಇಟ್ಟರೆ ಏನಾಗುತ್ತದೆ? ಪ್ರೋಗ್ರಾಂ ಹಾಸನದ ದಾಖಲೆಗಳನ್ನು ಓದಿ ಮುಗಿಸಿ ಬೇಲೂರಿನ ಜಾಗಕ್ಕೆ ಬರುತ್ತದೆ. ಅಲ್ಲಿ ಡಮ್ಮಿ ಕಂಡೊಡನೆ ಸಿಸ್ಟಮ್ ‘ಕಡತ ಮುಗಿಯಿತು’ ಎನ್ನುತ್ತದೆ, ಮತ್ತು ಅದು ಬೇಲೂರಿನ ಭಾಗಕ್ಕಷ್ಟೇ ಅಲ್ಲ, ಇಡೀ ಜೋಡಣೆಗೆ ಅನ್ವಯಿಸುತ್ತದೆ. ಸಕಲೇಶಪುರ, ಚಿಕ್ಕಮಗಳೂರುಗಳ ಕಡತಗಳಲ್ಲಿ ಎಷ್ಟೇ ದಾಖಲೆಗಳಿದ್ದರೂ ಅವನ್ನು ಯಾರೂ ಓದುವುದಿಲ್ಲ. ರಿಟರ್ನ್ ಕೋಡ್ ಸೊನ್ನೆ, ಅಂದರೆ ಎಲ್ಲವೂ ಸರಿ. ಅಬೆಂಡ್ ಇಲ್ಲ. ಮಾರನೆಯ ಬೆಳಿಗ್ಗೆ ಸಕಲೇಶಪುರದ ಬೆಳೆಗಾರನೊಬ್ಬ ಸಾಲ ಕಟ್ಟಿದ ರಸೀದಿ ಹಿಡಿದು ಶಾಖೆಗೆ ಬಂದು, ಬಾಕಿ ಇನ್ನೂ ಹಾಗೇ ಏಕಿದೆ ಎಂದು ಕೇಳುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಮದುವೆ ಮನೆಯ ಪಂಕ್ತಿಯನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಬಾಳೆಲೆ ಹಾಕಿದೆ, ಕೂರಬೇಕಾದವರು ಬಂದಿಲ್ಲ ಎಂದರೆ ಬಡಿಸುವವನು ಆ ಎಲೆಯನ್ನು ದಾಟಿ ಮುಂದಿನವರಿಗೆ ಬಡಿಸುತ್ತಾನೆ. ಎಲೆಯನ್ನೇ ಹಾಕದೆ ಜಾಗ ಬಿಟ್ಟರೆ ಪಂಕ್ತಿ ಅಲ್ಲಿಗೇ ಮುಗಿಯಿತೆಂದುಕೊಂಡು ಸಾರಿನ ಬಕೆಟ್ ಹಿಡಿದು ಹಿಂತಿರುಗುತ್ತಾನೆ. ನಲ್‌ಫೈಲ್ ಎಲೆಯೇ ಇಲ್ಲದ ಜಾಗ. ಜೋಡಣೆಗೆ ಬೇಕಾದದ್ದು ಖಾಲಿ ಎಲೆ, ಅಂದರೆ ಡಿಸ್ಕಿನ ಮೇಲೆ ನಿಜವಾಗಿಯೂ ಇರುವ, ಕ್ಯಾಟಲಾಗ್ ಆಗಿರುವ, ಆದರೆ ಒಂದೂ ರೆಕಾರ್ಡ್ ಇಲ್ಲದ ಡೇಟಾಸೆಟ್. ಸಿಸ್ಟಮ್ ಅದನ್ನು ತೆರೆದು, ಏನೂ ಇಲ್ಲವೆಂದು ಕಂಡು, ಮುಂದಿನ ಕಡತಕ್ಕೆ ದಾಟುತ್ತದೆ. ಆದ್ದರಿಂದ ಜೋಡಣೆಯಲ್ಲಿರುವ ಸಿಂಬಾಲಿಕ್‌ಗಳ ಡಿಫಾಲ್ಟ್ ನಲ್‌ಫೈಲ್ ಆಗಿರಬಾರದು, ‘ಬ್ಯಾಂಕ್.ಎಂಪ್ಟಿ.ಎಫ್‌ಬಿ80’ ಎಂಬಂಥ ಒಂದು ಖಾಲಿ ಡೇಟಾಸೆಟ್‌ನ ಹೆಸರಾಗಿರಬೇಕು. ಜೋಡಣೆಯ ಕಟ್ಟಕಡೆಯ ಸ್ಥಾನದಲ್ಲಿ ಡಮ್ಮಿ ಇದ್ದರೆ ತೊಂದರೆಯಿಲ್ಲ ಎಂಬುದು ನಿಜವೇ. ಆದರೆ ನಾಳೆ ಅರಕಲಗೂಡಿನ ಶಾಖೆ ತೆರೆದು ಯಾರೋ ಅದರ ಕೆಳಗೆ ಐದನೆಯ ಸಾಲು ಸೇರಿಸುತ್ತಾರೆ. ಅಂಥ ವಿನಾಯಿತಿಯನ್ನು ನೆಚ್ಚಿಕೊಂಡು ಪ್ರಾಕ್ ಬರೆಯುವುದನ್ನು ನಾನಂತೂ ಒಪ್ಪುವುದಿಲ್ಲ.

ಖಾಲಿ ಡೇಟಾಸೆಟ್ ಮಾಡುವುದು ಸುಲಭವೆಂದು ಕಾಣುತ್ತದೆ. ಐಇಎಫ್‌ಬಿಆರ್14 ಎಂಬ ಪ್ರೋಗ್ರಾಂ ಇದೆ. ಏನನ್ನೂ ಮಾಡದಿರುವುದೇ ಅದರ ಕೆಲಸ. ಕರೆದವರಿಗೆ ಹಿಂತಿರುಗುವ ಒಂದೇ ಒಂದು ಸೂಚನೆಯಿಂದ ಅದು ಆರಂಭವಾಯಿತು. ರಿಟರ್ನ್ ಕೋಡ್ ಇರುವ ರಿಜಿಸ್ಟರನ್ನು ಸೊನ್ನೆ ಮಾಡಲು ಮರೆತಿದ್ದರಿಂದ ಎರಡನೆಯ ಸೂಚನೆಯನ್ನು ಸೇರಿಸಬೇಕಾಯಿತು ಎಂಬುದು ಮೇನ್‌ಫ್ರೇಮ್ ಲೋಕದ ಹಳೆಯ ತಮಾಷೆ. ಅದನ್ನು ಓಡಿಸಿ ಡಿಡಿಯಲ್ಲಿ ಹೊಸ ಡೇಟಾಸೆಟ್ ಕೇಳಿದರೆ ಸಿಸ್ಟಮ್ ಜಾಗವನ್ನು ಮೀಸಲಿಟ್ಟು ಕ್ಯಾಟಲಾಗ್ ಮಾಡುತ್ತದೆ. ಆದರೆ ಆ ಡೇಟಾಸೆಟನ್ನು ಯಾರೂ ಬರೆಯಲು ತೆರೆದಿಲ್ಲವಾದ್ದರಿಂದ ಅದರ ಆರಂಭದಲ್ಲಿ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಬಿದ್ದಿರಲೇಬೇಕೆಂದಿಲ್ಲ. ಎಸ್‌ಎಂಎಸ್ (ಸಂಗ್ರಹವನ್ನು ತಾನೇ ನೋಡಿಕೊಳ್ಳುವ ಸಿಸ್ಟಮ್‌ನ ಭಾಗ) ನಿರ್ವಹಣೆಯ ಡಿಸ್ಕ್‌ಗಳಲ್ಲಿ ಸೀಕ್ವೆನ್ಷಿಯಲ್ ಎಂದು ಸ್ಪಷ್ಟವಾಗಿ ಹೇಳಿದ ಡೇಟಾಸೆಟ್‌ಗೆ ಜಾಗ ಕೊಡುವಾಗಲೇ ಈ ಗುರುತು ಬರೆಯಲ್ಪಡುತ್ತದೆ. ಹಳೆಯ ಪದ್ಧತಿಯ ಡಿಸ್ಕ್‌ನಲ್ಲಿ ಅದಿಲ್ಲದಿದ್ದರೆ, ಅದೇ ಜಾಗದಲ್ಲಿ ಹಿಂದೆ ಇದ್ದು ಅಳಿಸಿಹೋದ ಬೇರೆ ಯಾವುದೋ ಕಡತದ ಉಳಿಕೆ ದಾಖಲೆಗಳನ್ನು ಪ್ರೋಗ್ರಾಂ ಓದಿಬಿಡಬಹುದು. ಖಾಲಿ ಎಂದು ನಂಬಿದ ಕಡತದಿಂದ ಬೇರೆಯವರ ಲೆಕ್ಕ ಹೊರಬರುವುದಕ್ಕಿಂತ ಕೆಟ್ಟದ್ದು ಬ್ಯಾಂಕಿನಲ್ಲಿ ಇನ್ನೇನಿದೆ?

ಆದ್ದರಿಂದ ಐಇಬಿಜೆನರ್ ಬಳಸುವುದು ಲೇಸು. ಅದರ ಇನ್‌ಪುಟ್ ಆದ ಸಿಸ್‌ಯುಟಿ1 ಅನ್ನು ಡಮ್ಮಿ ಮಾಡಿ, ರೆಕಾರ್ಡ್‌ನ ವಿವರಗಳನ್ನು ಅಲ್ಲೇ ಬರೆದು, ಔಟ್‌ಪುಟ್ ಆದ ಸಿಸ್‌ಯುಟಿ2ರಲ್ಲಿ ಹೊಸ ಡೇಟಾಸೆಟ್ ಕೇಳಬೇಕು. ಯುಟಿಲಿಟಿ ಆ ಡೇಟಾಸೆಟನ್ನು ಬರೆಯಲು ತೆರೆದು, ಬರೆಯಲು ಏನೂ ಸಿಗದೆ ಮುಚ್ಚುತ್ತದೆ. ಮುಚ್ಚುವಾಗ ಕೊನೆಯ ಗುರುತು ಬೀಳುತ್ತದೆ. ಡಮ್ಮಿಯಿಂದಲೇ ನಿಜವಾದ ಖಾಲಿ ಕಡತ ಹುಟ್ಟುವುದು ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ.

ಖಾಲಿ ಡೇಟಾಸೆಟ್‌ಗೂ ಆಕಾರ ಇರುತ್ತದೆ ಎಂಬುದನ್ನು ಮರೆಯಬಾರದು. ಜೋಡಣೆಯ ಉಳಿದ ಕಡತಗಳ ರೆಕಾರ್ಡ್ ಉದ್ದ 80 ಇದ್ದು ಖಾಲಿಯದ್ದು 133 ಇದ್ದರೆ, ಅದೂ ಆ ಖಾಲಿ ಕಡತವೇ ಮೊದಲ ಸ್ಥಾನದಲ್ಲಿದ್ದರೆ, ಕೋಬಾಲ್ ಪ್ರೋಗ್ರಾಂ ಫೈಲ್ ಸ್ಟೇಟಸ್ 39 ಎಂದು ಗುಣಲಕ್ಷಣಗಳ ವಿರೋಧವನ್ನು ಎತ್ತಿ ತೋರಿಸುತ್ತದೆ. ಬಳಕೆಯಲ್ಲಿರುವ ಪ್ರತಿ ಉದ್ದಕ್ಕೂ ರೂಪಕ್ಕೂ ಒಂದೊಂದು ಖಾಲಿ ಡೇಟಾಸೆಟ್ ಮಾಡಿ, ಆ ಆಕಾರವನ್ನು ಹೆಸರಿನಲ್ಲೇ ಬರೆದಿಡುವುದು ವಾಸಿ. ಎಲ್ಲ ಜಾಬ್‌ಗಳೂ ಅದನ್ನು ಡಿಸ್ಪೊಸಿಷನ್ ಎಸ್‌ಎಚ್‌ಆರ್ (ಹಂಚಿಕೊಂಡು ಬಳಸುವುದು) ಎಂದು ಕೇಳಬೇಕು. ಯಾರಾದರೊಬ್ಬರು ಓಎಲ್‌ಡಿ (ತಮಗೊಬ್ಬರಿಗೇ ಬೇಕು) ಎಂದು ಕೇಳಿದರೆ ಆ ಜಾಬ್ ಮುಗಿಯುವವರೆಗೆ ಇಡೀ ಬ್ಯಾಚ್ ಒಂದು ಖಾಲಿ ಕಡತಕ್ಕಾಗಿ ಸರದಿಯಲ್ಲಿ ನಿಲ್ಲುತ್ತದೆ. ರ‍್ಯಾಕ್‌ಎಫ್‌ನಲ್ಲಿ (ಅನುಮತಿಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಎಲ್ಲರಿಗೂ ಓದುವ ಅನುಮತಿ ಇರಲಿ, ಬರೆಯುವ ಅನುಮತಿ ಯಾವ ಬ್ಯಾಚ್ ಐಡಿಗೂ ಬೇಡ: ಯಾರೋ ಒಮ್ಮೆ ಅದಕ್ಕೆ ಹತ್ತು ದಾಖಲೆ ಬರೆದರೆ, ಅವು ಅದನ್ನು ಬಳಸುವ ಪ್ರತಿ ಜಾಬ್‌ನೊಳಗೂ ನುಸುಳುತ್ತವೆ. ಬಹುದಿನ ಯಾರೂ ಮುಟ್ಟದ ಡೇಟಾಸೆಟ್‌ಗಳನ್ನು ಎಚ್‌ಎಸ್‌ಎಂ ಎಂಬ ಸಂಗ್ರಹ ನಿರ್ವಾಹಕ ಬೇರೆ ಸಂಗ್ರಹಕ್ಕೆ ಸಾಗಿಸುವುದರಿಂದ ಈ ಖಾಲಿ ಕಡತಗಳನ್ನು ಅದರಿಂದ ಹೊರಗಿಡುವಂತೆ ಸ್ಟೋರೇಜ್ ತಂಡಕ್ಕೆ ಹೇಳಬೇಕು.

ಸಿಂಬಾಲಿಕ್ ಬದಲು ಓವರ್‌ರೈಡ್ ಮೂಲಕವೇ ಜೋಡಣೆಯನ್ನು ಬದಲಿಸುವವರೂ ಇದ್ದಾರೆ. ಇಲ್ಲಿ ಓವರ್‌ರೈಡ್ ಸ್ಥಾನಕ್ಕೆ ಸ್ಥಾನದಂತೆ ನಡೆಯುತ್ತದೆ. ಒಂದೇ ಸಾಲು ಕೊಟ್ಟರೆ ಮೊದಲನೆಯದು ಮಾತ್ರ ಬದಲಾಗುತ್ತದೆ, ಉಳಿದ ಮೂರು ಹಾಗೆಯೇ ಇರುತ್ತವೆ. ಇಡೀ ಜೋಡಣೆಯನ್ನೇ ತೆಗೆದುಹಾಕಿದೆ ಎಂದುಕೊಂಡವರಿಗೆ ಹಳೆಯ ಮೂರು ಶಾಖೆಗಳ ದಾಖಲೆಗಳೂ ಸೇರಿ ಬರುತ್ತವೆ. ಎರಡನೆಯದನ್ನಷ್ಟೇ ಬದಲಿಸಬೇಕಾದರೆ ಮೊದಲ ಸಾಲಿನಲ್ಲಿ ಡಿಡಿ ಎಂದಷ್ಟೇ ಬರೆದು ಮುಂದೆ ಖಾಲಿ ಬಿಟ್ಟು, ಎರಡನೆಯ ಸಾಲಿನಲ್ಲಿ ಹೊಸ ಹೆಸರು ಕೊಡಬೇಕು. ಓವರ್‌ರೈಡ್‌ನಿಂದ ಸಾಲುಗಳನ್ನು ಸೇರಿಸಬಹುದು, ಕಡಿಮೆ ಮಾಡಲಾಗದು. ಬೇಡದ ಸ್ಥಾನವನ್ನು ತುಂಬಲು ಮತ್ತೆ ಅದೇ ಖಾಲಿ ಡೇಟಾಸೆಟ್ಟೇ ಗತಿ. ನಾಲ್ಕು ಸ್ಥಾನಕ್ಕೆ ನಾಲ್ಕು ಸಿಂಬಾಲಿಕ್ ಇಡುವುದು ಹೆಚ್ಚು ಮಾತಿನದಾದರೂ ಓದುವವರಿಗೆ ಸ್ಪಷ್ಟ.

ಸ್ಥಾನ ಕಾಯ್ದಿರಿಸುವ ಇನ್ನೊಂದು ವಿಧಾನ ಡಿಡಿನೇಮ್ ಎಂಬ ಪ್ಯಾರಾಮೀಟರ್. ಪ್ರಾಕ್‌ನಲ್ಲಿ ಒಂದು ಡಿಡಿಗೆ ‘ಇದರ ವಿವರ ಮುಂದೆ ಇಂಥ ಹೆಸರಿನ ಡಿಡಿಯಲ್ಲಿ ಬರುತ್ತದೆ’ ಎಂದು ಹೇಳಿ ಬಿಟ್ಟರೆ, ಕರೆಯುವ ಜಾಬ್ ಆ ಹೆಸರಿನಲ್ಲಿ ದಾಖಲೆಗಳನ್ನು ನೇರವಾಗಿ ಜೆಸಿಎಲ್‌ನೊಳಗೇ ಬರೆದುಕೊಡಬಹುದು. ಕೊಡದಿದ್ದರೆ ಸಿಸ್ಟಮ್ ಅದನ್ನು ಡಮ್ಮಿ ಎಂದೇ ಭಾವಿಸಿ ಮುಂದುವರಿಯುತ್ತದೆ. 2011ರ ಜೆಡ್/ಓಎಸ್ 1.13ಕ್ಕೆ ಮೊದಲು ಪ್ರಾಕ್‌ನ ಒಳಗೆ ಇಂಥ ಇನ್‌ಸ್ಟ್ರೀಮ್ ದಾಖಲೆಗಳನ್ನು ಇಡುವಂತಿರಲಿಲ್ಲವಾದ್ದರಿಂದ ಹಳೆಯ ಪ್ರಾಕ್‌ಗಳಲ್ಲಿ ಈ ತಂತ್ರ ತುಂಬ ಕಾಣುತ್ತದೆ.

ಔಟ್‌ಪುಟ್ ಡಿಡಿಗಳ ಮಾತು ಬೇರೆ. ಪರೀಕ್ಷೆಯ ಓಟದಲ್ಲಿ ಬೇಡದ ವರದಿಯನ್ನು ಡಮ್ಮಿಗೆ ಕಳುಹಿಸುವುದು ಸರಿಯೇ. ಆದರೆ ಪ್ರೊಡಕ್ಷನ್ ಪ್ರಾಕ್‌ನಲ್ಲಿ ಔಟ್‌ಪುಟ್‌ನ ಡಿಫಾಲ್ಟ್ ನಲ್‌ಫೈಲ್ ಆಗಿದ್ದರೆ, ಸಿಂಬಾಲಿಕ್ ಕೊಡಲು ಮರೆತ ರಾತ್ರಿಯ ಇಡೀ ಫಲಿತಾಂಶ ಸೊನ್ನೆ ರಿಟರ್ನ್ ಕೋಡ್‌ನೊಂದಿಗೆ ಮಾಯವಾಗುತ್ತದೆ. ಅದಕ್ಕಿಂತಲೂ, ಮುಂದಿನ ಸ್ಟೆಪ್ ಅದೇ ಡಿಡಿಯನ್ನು ಹಿಂದಿರುಗಿ ನೋಡುವ ಉಲ್ಲೇಖದಿಂದ ಓದುತ್ತಿದ್ದರೆ ಅದೂ ಡಮ್ಮಿಯಾಗಿಬಿಡುತ್ತದೆ. ಔಟ್‌ಪುಟ್‌ಗೆ ಡಿಫಾಲ್ಟೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹಾಗೆ ಮಾಡುವಾಗಲೂ ಒಂದು ಎಚ್ಚರಿಕೆ ಬೇಕು: ‘ಡಿಎಸ್ಎನ್=&ಔಟ್’ ಎಂದಷ್ಟೇ ಬರೆದು ಬೆಲೆ ಕೊಡದಿದ್ದರೆ ಜೆಸಿಎಲ್ ಅದನ್ನು ತಾತ್ಕಾಲಿಕ ಡೇಟಾಸೆಟ್‌ನ ಹೆಸರೆಂದು ತಿಳಿದುಕೊಳ್ಳುತ್ತದೆ. ಹೆಸರಿನ ಮುಂಭಾಗವನ್ನು ಪ್ರಾಕ್‌ನಲ್ಲೇ ಬರೆದು ಕೊನೆಯ ಭಾಗವನ್ನಷ್ಟೇ ಸಿಂಬಾಲಿಕ್ ಮಾಡಿದರೆ ಬೆಲೆ ಇಲ್ಲದ ದಿನ ಜಾಬ್ ಜೆಸಿಎಲ್ ಎರರ್‌ನಲ್ಲಿ ನಿಲ್ಲುತ್ತದೆ, ನಿಲ್ಲಲೂ ಬೇಕು. ಇನ್‌ಪುಟ್‌ಗೆ ಸಲ್ಲದ ಒಡೆದ ಹೆಸರು ಔಟ್‌ಪುಟ್‌ಗೆ ಸಲ್ಲುವುದು ಹೀಗೆ.

ವಿಸ್ಯಾಮ್ ಕಡತಗಳನ್ನು (ಸೀಕ್ವೆನ್ಷಿಯಲ್‌ಗಿಂತ ಬೇರೆ ರಚನೆಯ ಕಡತಗಳು ಇವು) ಡಮ್ಮಿ ಮಾಡುವಾಗ ‘ಎಎಂಪಿ’ ಪ್ಯಾರಾಮೀಟರಿನಲ್ಲಿ ‘ಎಎಂಓಆರ್‌ಜಿ’ ಎಂದು ಸೇರಿಸಬೇಕು, ಇಲ್ಲವಾದರೆ ಸಿಸ್ಟಮ್ ಅದನ್ನು ವಿಸ್ಯಾಮ್ ಎಂದು ಗುರುತಿಸುವುದಿಲ್ಲ. ಸೀಕ್ವೆನ್ಷಿಯಲ್ ಕಡತಗಳಂತೆ ಖಾಲಿ ವಿಸ್ಯಾಮ್ ಕಡತ ಕೆಲಸಕ್ಕೆ ಬರುತ್ತದೆಂದೂ ಎಣಿಸಬಾರದು: ಒಮ್ಮೆಯೂ ದಾಖಲೆ ತುಂಬದ ವಿಸ್ಯಾಮ್ ಕಡತವನ್ನು ಓದಲು ತೆರೆದರೆ ಕೋಬಾಲ್‌ಗೆ ಸ್ಟೇಟಸ್ 35 ಬರುತ್ತದೆ.

ಕೊನೆಯದಾಗಿ, ನಿನ್ನೆಯ ರಾತ್ರಿ ಯಾವ ಡಿಡಿ ನಿಜವಾಗಿ ಏನನ್ನು ಓದಿತೆಂದು ತಿಳಿಯುವುದು ಹೇಗೆ? ಜಾಬ್‌ನ ಸ್ಪೂಲ್‌ನಲ್ಲಿ (ಓಟದ ಔಟ್‌ಪುಟ್ ಸೇರುವ ಜಾಗದಲ್ಲಿ) ಸಿಸ್ಟಮ್ ಸಂದೇಶಗಳ ಭಾಗವನ್ನು ತೆರೆದರೆ ಪ್ರತಿ ಡಿಡಿಗೂ ಐಇಎಫ್237ಐ ಎಂಬ ಸಂದೇಶವಿರುತ್ತದೆ. ಡಿಸ್ಕಿನ ಕಡತವಾದರೆ ಸಾಧನದ ಸಂಖ್ಯೆ, ಡಮ್ಮಿಯಾದರೆ ‘ಡಿಎಂವೈ ಅಲೊಕೇಟೆಡ್’ ಎಂಬ ಪದಗಳು. ಖಾಲಿ ಡೇಟಾಸೆಟ್ ಇಲ್ಲಿ ಬೇರೆ ಯಾವುದೇ ಡಿಸ್ಕ್ ಕಡತದಂತೆಯೇ ಕಾಣುವುದರಿಂದ ಹೆಸರಿನಲ್ಲಿ ಎಂಪ್ಟಿ ಎಂಬ ಪದವಿದ್ದರೆ ಮಾತ್ರ ಗುರುತು ಸಿಗುತ್ತದೆ. ಎಲ್ಲ ಶಾಖೆಗಳೂ ಖಾಲಿಯಾದ ರಾತ್ರಿ ಲೆಕ್ಕದ ಸ್ಟೆಪ್ ನಡೆಯುವುದೇ ಬೇಡ ಎಂದಾದರೆ, ಅದಕ್ಕೆ ಮೊದಲು ಐಡಿಕ್ಯಾಮ್ಸ್ ಎಂಬ ಯುಟಿಲಿಟಿಯಿಂದ ಅದೇ ಜೋಡಣೆಯ ಒಂದೇ ಒಂದು ರೆಕಾರ್ಡನ್ನು ಪ್ರಿಂಟ್ ಮಾಡಿಸುವ ಸ್ಟೆಪ್ ಇಡಬಹುದು. ಓದಲು ಏನೂ ಇಲ್ಲದಿದ್ದರೆ ಅದು ರಿಟರ್ನ್ ಕೋಡ್ 4 ಕೊಡುತ್ತದೆ, ಇಫ್ ಹೇಳಿಕೆಯೊಂದು ಆ ಸಂಖ್ಯೆಯನ್ನು ನೋಡಿ ಮುಂದಿನ ಸ್ಟೆಪ್ಪನ್ನು ದಾಟಿಸುತ್ತದೆ.